ರೇಸ್ ಬಿಟ್ಟ ಕುದುರೆಗೆ ತಾಳ ಕೂರಿಸಿದ್ದು: ನನ್ನ ಅನುಭವ

"ಇದಕ್ಕೆ ಗೊತ್ತಿರೋದು ಓಟ ಒಂದೇ, ಮಾರಿಬಿಡಿ ಸರ್" ಅಂತ ಜೊತೆಯವರೆಲ್ಲ ಹೇಳಿದ್ದರು. ಮೊನ್ನೆ ಅವರೇ ನಿಂತು ನೋಡಿದರು. 20 ಮೀಟರ್ ಸುತ್ತು, ಸಡಿಲ ಲಗಾಮು, ಹತ್ತು ಹನ್ನೊಂದು ಸುತ್ತು ಟ್ರಾಟ್ (ಎರಡು ಪೆಟ್ಟಿನ ಕುಕ್ಕುಲೋಟ), ಒಂದು ಹೆಜ್ಜೆಯೂ ಹೆಚ್ಚುಕಮ್ಮಿಯಾಗಲಿಲ್ಲ. ಅದಕ್ಕೇ ಬರೀತಿದ್ದೀನಿ.

ಮೈಸೂರಲ್ಲಿ ರೇಸ್ ಓಡಿ ಬಿಟ್ಟ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸಿದ ತಳಿ) ಹೆಣ್ಣು, ಏಳು ವರ್ಷದ್ದು. ಸುಮಾರು 60 ಸಾವಿರಕ್ಕೆ ತಂದೆ. ನಾಲ್ಕು ಹೆಜ್ಜೆ ನೆಟ್ಟಗೆ ಹಾಕಿ ಐದನೆಯದಕ್ಕೆ ಕಿತ್ತುಕೊಂಡು ಹೋಗೋದು. ಲಗಾಮು ಬಿಗಿದಷ್ಟೂ ಜೋರು. ರೇಸಲ್ಲಿ ಅದು ಕಲಿತದ್ದೇ ಹಾಗೆ.

ಮೊದಲು ಬೆಳಿಗ್ಗೆ ಚೆನ್ನಾಗಿ ಓಡಿಸಿ ಸುಸ್ತು ಮಾಡಿಸಿದೆ. ತಿಂಗಳೊಪ್ಪತ್ತಿನಲ್ಲಿ ಅದರ ದಮ್ಮು ಹೆಚ್ಚಿತು, ಬುದ್ಧಿ ಅಲ್ಲೇ ಇತ್ತು. ಆಮೇಲೆ ಮೂರೂವರೆ ಸಾವಿರ ಕೊಟ್ಟು ಸೈಡ್ ರೈನ್ (ಕಡಿವಾಣದಿಂದ ಹೊಟ್ಟೆಪಟ್ಟಿಗೆ ಕಟ್ಟುವ ಬಾರು) ತಂದು ತಲೆ ಕಟ್ಟಿ ಉದ್ದ ಹಗ್ಗದಲ್ಲಿ ಸುತ್ತಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಕಾಲು ಒಂದೊಂದಾಗಿ ಬೀಳುವ ನಾಲ್ಕು ಪೆಟ್ಟಿನ ನಡಿಗೆ ಹೋಗಿ, ಒಂದು ಪಕ್ಕದ ಎರಡೂ ಕಾಲು ಒಟ್ಟಿಗೆ ಬೀಳೋಕೆ ಶುರುವಾಯಿತು. ಅದನ್ನು ಬಿಡಿಸೋಕೇ ಎರಡು ತಿಂಗಳು. ಮೇವು, ಹುರುಳಿ, ಲಾಳ ಸೇರಿ ತಿಂಗಳಿಗೆ 13 ಸಾವಿರ ಬೇರೆ.

ಒಂದು ದಿನ ಜೀನು ಇಳಿಸಿದಾಗ ನೋಡ್ತೀನಿ, ಮೈಯೆಲ್ಲ ಬೆವರು, ಭುಜದ ಹಿಂದೆ ಎರಡೂ ಕಡೆ ಅಂಗೈಯಗಲ ಮಾತ್ರ ಒಣಕಲು. ಜೀನು ಅಲ್ಲಿ ಬೆವರೂ ಬಾರದಷ್ಟು ಒತ್ತಿ ಕಚ್ಚುತ್ತಿತ್ತು! ಹಳೇದೊಂದು ಅಗಲದ ಜೀನಿಗೆ 28 ಸಾವಿರ ಹೋಯಿತು. ಒಂದು ಪೈಸೆಗೂ ಬೇಸರವಿಲ್ಲ, ಅರ್ಧ ಓಟ ಅಲ್ಲೇ ನಿಂತಿತು.

ಉಳಿದರ್ಧಕ್ಕೆ ದಾರಿ ತೋರಿಸಿದ್ದು ಅಕ್ಕನ ಮಗನ ಮೃದಂಗ ಪಾಠ. ಬಾಯಲ್ಲಿ ಜೋರಾಗಿ ಹೇಳಿಕೊಂಡೇ ಸವಾರಿ ಶುರುಮಾಡಿದೆ. ನಡಿಗೆಗೆ ತಕಧಿಮಿ, ಟ್ರಾಟ್‌ಗೆ ತಕ ತಕ, ಮೂರು ಪೆಟ್ಟಿನ ನಿಧಾನ ಓಟವಾದ ಕ್ಯಾಂಟರ್‌ಗೆ ತಕಿಟ. ತಕಿಟ ಆದಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಗಳಿಗೆಯನ್ನು ನುಂಗಬಾರದು, ನುಂಗಿದಿರೋ ಕ್ಯಾಂಟರ್ ಕೆಟ್ಟಿತು. ಟ್ರಾಟ್‌ನಲ್ಲಿ ಕುದುರೆ ಎತ್ತಿದಂತೆ ನಾನು ಏಳೋದು ಬಿಟ್ಟೆ. ನನ್ನ ಎಣಿಕೆಗೆ ಎದ್ದು, ನನ್ನ ಎಣಿಕೆಗೆ ಕೂತೆ. ಕೈ ಮೆತ್ತಗೆ. ಮೂರನೇ ವಾರಕ್ಕೆ ಅದು ನನ್ನ ಸೊಂಟಕ್ಕೆ ಕಾಯೋಕೆ ಶುರುಮಾಡಿತು. ಟ್ರಾಟ್‌ನಲ್ಲಿ ನಾನು ಏಳೋದು ನಿಮಿಷಕ್ಕೆ 95ರ ಆಸುಪಾಸು ಇದ್ದದ್ದು 78–80ಕ್ಕೆ ಇಳಿಯಿತು.

ಮಧ್ಯೆ ಮೊಬೈಲ್ ಮೆಟ್ರೋನೋಮ್ (ತಾಳದ ಟಿಕ್‌ಟಿಕ್ ಸದ್ದು) ಜೇಬಲ್ಲಿಟ್ಟು ನೋಡಿದೆ. ಎಣಿಕೆ ಕಿವಿಗೆ ಬಂತೇ ಹೊರತು ಮೈಗೆ ಬರಲಿಲ್ಲ. ನಸುಕಲ್ಲಿ ಟಾರ್ ರಸ್ತೆಯಲ್ಲಿ ನಡೆಸಿ ಲಾಳದ ಸದ್ದು ಕೇಳಿದ್ದು ಎಷ್ಟೋ ಉಪಯೋಗಕ್ಕೆ ಬಂತು. ಹಿಂದಿನ ಎಡಗಾಲು ತಡವಾಗಿ ಬೀಳೋದು ಕಣ್ಣಿಗೆ ಕಂಡಿರಲಿಲ್ಲ, ಕಿವಿಗೆ ಸಿಕ್ಕಿತು.

ಕುದುರೆ ಹೆಜ್ಜೆ ಅಳೆದು ದಾಟಲಿ ಅಂತ ನೆಲಕ್ಕೆ ಆರು ನೀಲಗಿರಿ ಗಳ ಹಾಕಿದೆ, ಒಂದಕ್ಕೆ 180 ರೂಪಾಯಿ ಇರಬೇಕು. ಪೈಪ್ ಬೇಡ, ಕಾಲಡಿ ಉರುಳುತ್ತೆ. ನಾಲ್ಕಡಿ ಅಂತರಕ್ಕೆ ಎಡವಿತು, ನಾಲ್ಕೂಮುಕ್ಕಾಲಿಗೆ ಸರಿಹೋಯಿತು. ಮೂಲೆ ತಿರುಗುವ ಮುಂಚೆ ಉಸಿರಲ್ಲಿ ಮಾಡೋದು ಇನ್ನೊಂದಿದೆ, ಅದನ್ನು ಬರೆಯಲ್ಲ. ಬಂದವರಿಗೆ ಕುದುರೆ ಮೇಲೆ ಕೂರಿಸಿ ತೋರಿಸ್ತೀನಿ.

ಬಲಗಡೆ ಕ್ಯಾಂಟರ್ ಇನ್ನೂ ಎಂಟು ಸುತ್ತಿಗೆ ಕದಡುತ್ತೆ. ಈ ಮಳೆಗಾಲ ಅದರದ್ದೇ ಕೆಲಸ.