ಮೆಟಲ್ ಡಿಟೆಕ್ಟರ್: ಕಬ್ಬಿಣದ ಸದ್ದಿನಲ್ಲಿ ಬಂಗಾರ ಮುಳುಗದಂತೆ ಟೋನ್ ಹೊಂದಿಸುವುದು ಹೇಗೆ?

ಶೇಂಗಾ ಕೀಳುವ ದಿನಗಳಲ್ಲಿ ಚಳ್ಳಕೆರೆ, ಹಿರಿಯೂರು ಕಡೆಯ ಹೊಲಗಳಲ್ಲಿ ತಾಳಿಯ ಗುಂಡೋ ಕಿವಿಯ ಓಲೆಯೋ ಕಳಚಿ ಬೀಳುವುದುಂಟು. ಅದನ್ನು ಹುಡುಕಲು ಮೆಟಲ್ ಡಿಟೆಕ್ಟರ್ ತಂದವರು ಹೊಲವೆಲ್ಲ ಸುತ್ತಿ ಬರಿಗೈಯಲ್ಲಿ ಮರಳಿದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ. ಹೆಚ್ಚಿನ ಸಲ ತಪ್ಪು ಯಂತ್ರದ್ದಾಗಿರಲಿಲ್ಲ. ಮೊಳೆಗಳ ಕಾಟ ಬೇಡವೆಂದು ಕಬ್ಬಿಣದ ಸದ್ದನ್ನು ಅಡಗಿಸಲು ಹೋಗಿ ಅವರು ಬಂಗಾರದ ಸದ್ದನ್ನೂ ಅಡಗಿಸಿಕೊಂಡಿದ್ದರು.

ಮೊದಲು ಗ್ರೌಂಡ್ ಬ್ಯಾಲೆನ್ಸ್ ಮಾಡಿಕೊಳ್ಳಿ, ಅಂದರೆ ಬರೀ ಮಣ್ಣಿಗೆ ಯಂತ್ರ ಸದ್ದು ಮಾಡದಂತೆ ಹೊಂದಿಸಿಕೊಳ್ಳಿ. ದಾವಣಗೆರೆ ಕಡೆಯ ಎರೆಹೊಲದಲ್ಲಿ ಮಾಡಿದ್ದು ಹೊಸದುರ್ಗ, ಹೊಳಲ್ಕೆರೆಯ ಕಬ್ಬಿಣದಂಶದ ಕೆಂಪು ನೆಲದಲ್ಲಿ ನಡೆಯುವುದಿಲ್ಲ.

ನಂತರ ಟೋನ್‌ಗಳ ಸಂಖ್ಯೆ, ಅಂದರೆ ಬೇರೆ ಬೇರೆ ಲೋಹಕ್ಕೆ ಯಂತ್ರ ಎಷ್ಟು ಬಗೆಯ ಸ್ವರ ಹೊರಡಿಸಬೇಕೆಂಬುದು. ಮೂರನ್ನೇ ಆರಿಸಿಕೊಳ್ಳಿ: ಕಬ್ಬಿಣಕ್ಕೆ ತಗ್ಗು, ಸಣ್ಣ ಬಂಗಾರಕ್ಕೆ ನಡು, ಬೆಳ್ಳಿ ಮತ್ತು ತಾಮ್ರಕ್ಕೆ ಏರು. ಒಂದೇ ಟೋನ್ ಇದ್ದರೆ ಮೊಳೆಗೂ ಮೂಗುಬಟ್ಟಿಗೂ ವ್ಯತ್ಯಾಸ ತಿಳಿಯದು. ಪರದೆಯಲ್ಲಿ ಬರುವ ಪ್ರತಿ ಸಂಖ್ಯೆಗೂ ಬೇರೆ ಸ್ವರ ಕೊಡುವ ಹೊಂದಾಣಿಕೆ ಹೊಸಬರ ಕಿವಿಯನ್ನು ಅರ್ಧ ತಾಸಿನಲ್ಲೇ ದಣಿಸುತ್ತದೆ.

ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಒಂದು ಟೋನ್ ಮುಗಿದು ಇನ್ನೊಂದು ಶುರುವಾಗುವ ಗಡಿಯನ್ನು, ಟೋನ್ ಬ್ರೇಕನ್ನು, ಎಲ್ಲಿ ಇಡಬೇಕೆಂಬಲ್ಲಿ. ಪರದೆಯ ಮೇಲಿನ ಸಂಖ್ಯೆ ಲೋಹದ ಬೆಲೆಯನ್ನು ಹೇಳುವುದಿಲ್ಲ. ಅದು ವಸ್ತುವಿನ ವಿದ್ಯುತ್ ವಾಹಕತೆ, ಗಾತ್ರ ಮತ್ತು ದಪ್ಪವನ್ನು ಅನುಸರಿಸುತ್ತದೆ. ಆದ್ದರಿಂದ ತೆಳುವಾದ ಓಲೆ ಬಂಗಾರದ್ದೇ ಆದರೂ ಕಬ್ಬಿಣದ ಸಂಖ್ಯೆಗಳ ಪಕ್ಕದಲ್ಲೇ, ಮಾತ್ರೆಯ ಹಾಳೆಯ ಜೊತೆಯಲ್ಲೇ ಬಂದು ನಿಲ್ಲುತ್ತದೆ. ಕಳೆದದ್ದು ಒಂದು ಓಲೆಯಾದರೆ ಅದರ ಜೋಡಿ ಮನೆಯಲ್ಲೇ ಇರುತ್ತದೆ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಅದಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿ, ಅದೇ ಹೊಲದ ಮಣ್ಣಿನಲ್ಲಿ ಎರಡು ಅಂಗುಲ ಆಳಕ್ಕೆ ಹೂತು, ಕಾಯಿಲನ್ನು (ಯಂತ್ರದ ಕೆಳತುದಿಯ ತಟ್ಟೆಯನ್ನು) ಹತ್ತು ಸಲ ನಿಧಾನವಾಗಿ ಆಡಿಸಿ, ಬಂದ ಸಂಖ್ಯೆಗಳನ್ನೆಲ್ಲ ಬರೆದುಕೊಳ್ಳಿ. ನನ್ನ ಯಂತ್ರದಲ್ಲಿ ಒಮ್ಮೆ ಹೀಗೆ ಹೂತ ಓಲೆ 37ರಿಂದ 39ರ ನಡುವೆ ಆಡುತ್ತಿತ್ತು. ಕಾರ್ಖಾನೆಯವರು ಕಬ್ಬಿಣದ ಗಡಿಯನ್ನು 40ಕ್ಕೆ ಇಟ್ಟಿದ್ದರು. ಗಡಿಯನ್ನು 34ಕ್ಕೆ ಇಳಿಸಿದ ಮೇಲಷ್ಟೇ ಆ ಓಲೆ ನಡು ಟೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ನಿಮ್ಮ ಯಂತ್ರದ ಸಂಖ್ಯೆಗಳು ಬೇರೆ ಇರುತ್ತವೆ. ಬಂದವುಗಳಲ್ಲಿ ಅತಿ ಕಡಿಮೆಯದಕ್ಕಿಂತ ಎರಡು ಮೂರು ಅಂಕಿ ಕೆಳಗೆ ಗಡಿ ಇಡಿ. ಒಂದು ರೂಪಾಯಿ ನಾಣ್ಯದಿಂದ ಈ ಪರೀಕ್ಷೆ ಮಾಡಬೇಡಿ, ಏಕೆಂದರೆ ಈಗಿನ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದು.

ಗಡಿ ಇಳಿಸಿದರೆ ಕೆಲವು ಮೊಳೆಗಳೂ ನಡು ಟೋನಿಗೆ ನುಗ್ಗುತ್ತವೆ, ಮಾತ್ರೆಯ ಹಾಳೆಗಳನ್ನೂ ಅಗೆಯಬೇಕಾಗುತ್ತದೆ. ಆ ಶ್ರಮ ಉಳಿಸಲು, ಬೇಡದ ಲೋಹಕ್ಕೆ ಯಂತ್ರ ಸದ್ದೇ ಮಾಡದಂತೆ ತಡೆಯುವ ಡಿಸ್ಕ್ರಿಮಿನೇಷನ್ ಏರಿಸುವ ಅಡ್ಡದಾರಿ ಹಿಡಿಯಬೇಡಿ. ಮೊಳೆಯ ಪಕ್ಕದಲ್ಲೇ ಬಿದ್ದ ಗುಂಡು ಆಗ ಸದ್ದೇ ಮಾಡದೆ ಹೋಗಬಹುದು. ಕಬ್ಬಿಣದ ಟೋನನ್ನು ಪೂರ್ತಿ ಮುಚ್ಚದೆ ಅದರ ದನಿಯನ್ನು ಮೂರನೇ ಒಂದು ಭಾಗಕ್ಕೆ ತಗ್ಗಿಸಿ, ಹಿನ್ನೆಲೆಯಲ್ಲಿ ಗುರುಗುಟ್ಟಲು ಬಿಡಿ.

ಸ್ವರದ ಎತ್ತರವನ್ನು ನಿಮ್ಮ ಕಿವಿಗೆ ತಕ್ಕಂತೆ ಆರಿಸಿ. ವಯಸ್ಸಾದಂತೆ ತೀರಾ ಏರು ಸ್ವರಗಳು ಕೇಳಿಸುವುದು ಕಡಿಮೆಯಾಗುತ್ತದೆ. ನಾನು ಕಬ್ಬಿಣಕ್ಕೆ 200 ಹರ್ಟ್ಸ್, ನಡುವಿಗೆ 450, ಏರಿಗೆ 700 ಇಟ್ಟುಕೊಳ್ಳುತ್ತೇನೆ. ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದ ಬಯಲಿನಲ್ಲಿ ಯಂತ್ರದ ಸ್ಪೀಕರ್ ನೆಚ್ಚಿಕೊಳ್ಳಬೇಡಿ. ತಂತಿಯ ಹೆಡ್‌ಫೋನೇ ಬೇಕು. ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ತಡವಾಗಿ ಬರುವುದರಿಂದ, ಕಾಯಿಲ್ ಜಾಗ ದಾಟಿದ ಮೇಲೆ ಟೋನ್ ಕೇಳಿಸುತ್ತದೆ. ಇನ್ನು, ಹತ್ತಾರು ಅಡಿ ಆಳದ ಬಂಗಾರವನ್ನು ದೂರದಿಂದಲೇ ತೋರಿಸುತ್ತದೆಂದು ಮಾರುವ ಎರಡು ಕಡ್ಡಿಗಳ ಸಾಧನಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಣ್ಣ ಓಲೆ ಒಳ್ಳೆಯ ಯಂತ್ರಕ್ಕೂ ಕೆಲವೇ ಅಂಗುಲಗಳವರೆಗೆ ಮಾತ್ರ ಸಿಗುತ್ತದೆ.

ಹುಡುಕಾಟ ನಿಮ್ಮ ಹೊಲದಲ್ಲೋ ಒಪ್ಪಿಗೆ ಕೊಟ್ಟವರ ಹೊಲದಲ್ಲೋ ಇರಲಿ. ಚಿತ್ರದುರ್ಗದ ಕೋಟೆ, ಅಶೋಕನ ಶಾಸನವಿರುವ ಬ್ರಹ್ಮಗಿರಿಯಂಥ ಸಂರಕ್ಷಿತ ನೆಲದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಹಳೆಯ ನಿಧಿ ಸಿಕ್ಕಿದರೆ, ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ನಡು ಟೋನ್ ಕೇಳಿಸಿದ ಕೂಡಲೇ ಗುದ್ದಲಿ ಹಾಕಬೇಡಿ. ಅದೇ ಜಾಗಕ್ಕೆ ಅಡ್ಡಲಾಗಿ ತಿರುಗಿ ನಿಂತು ಮತ್ತೆ ಕಾಯಿಲ್ ಆಡಿಸಿ. ಮೊಳೆಯಾದರೆ ಸ್ವರ ಒಡೆದು ತಗ್ಗಿಗೆ ಜಾರುವುದೇ ಹೆಚ್ಚು. ಎರಡೂ ಕಡೆಯಿಂದ ಒಂದೇ ಸ್ವರ ಬಂದರೆ ಮೊಣಕಾಲೂರಿ ಕುಳಿತು, ಬೆರಳುಗಳಿಂದಲೇ ಮಣ್ಣು ಬಿಡಿಸಿ, ಹಿಡಿ ಹಿಡಿಯಾಗಿ ಕಾಯಿಲಿನ ಮುಂದೆ ಆಡಿಸಿ ನೋಡಿ. ಗುದ್ದಲಿಯ ಏಟಿಗೆ ತಾಳಿಯ ಟೊಳ್ಳು ಗುಂಡು ಅಪ್ಪಚ್ಚಿಯಾಗುತ್ತದೆ.