ಇಂಗ್ಲಿಷ್ ಕವಿತೆಯ ಮೇಲೆ ಪ್ರಬಂಧ ಬರೆಯುವ ಬಗೆ

ಇಂಗ್ಲಿಷ್ ಸಾಹಿತ್ಯ ಓದುವ ಪದವಿ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಥೀಮ್, ಐರನಿ (ಆಡಿದ ಮಾತಿಗೂ ವಾಸ್ತವಕ್ಕೂ ಇರುವ ವ್ಯಂಗ್ಯದ ವೈರುಧ್ಯ), ಥೀಸಿಸ್ ಮುಂತಾದ ಪರಿಭಾಷೆಗಳ ಅರ್ಥ ಬಾಯಿಪಾಠವಾಗಿರುತ್ತದೆ. ಉತ್ತರ ಬರೆಯುವಾಗ ಮಾತ್ರ ಅವು ಕವಿತೆಗೆ ಅಂಟಿಸಿದ ಚೀಟಿಗಳಂತೆ ಉಳಿದುಬಿಡುತ್ತವೆ. ಅವುಗಳನ್ನು ಎಲ್ಲಿ, ಹೇಗೆ ಬಳಸಬೇಕೆಂಬುದನ್ನು ಇಂಗ್ಲಿಷ್ ಕವಿ ಶೆಲ್ಲಿಯ ‘ಓಜಿಮಾಂಡಿಯಸ್’ ಎಂಬ, 1818ರಲ್ಲಿ ಪ್ರಕಟವಾದ 14 ಸಾಲುಗಳ ಸಾನೆಟ್ಟನ್ನು ಇಟ್ಟುಕೊಂಡು ನೋಡಬಹುದು.

ಮೊದಲು ಗುರುತಿಸಬೇಕಾದದ್ದು ಸ್ಪೀಕರ್, ಅಂದರೆ ಕವಿತೆಯಲ್ಲಿ ಮಾತಾಡುವವರು, ಯಾರೆಂಬುದನ್ನು. ಈ ಕವಿತೆಯ ‘ನಾನು’ ಪ್ರಾಚೀನ ನಾಡಿನಿಂದ ಬಂದ ಪ್ರಯಾಣಿಕನೊಬ್ಬನನ್ನು ಕಂಡೆನೆಂದಷ್ಟೇ ಹೇಳುತ್ತಾನೆ. ಮರುಭೂಮಿಯಲ್ಲಿ ಮುರಿದುಬಿದ್ದ ವಿಗ್ರಹವನ್ನು ವರ್ಣಿಸುವವನು ಆ ಪ್ರಯಾಣಿಕ. ವಿಗ್ರಹದ ಪೀಠದ ಬರಹದಲ್ಲಿ ಅಬ್ಬರಿಸುವವನು ರಾಜ ಓಜಿಮಾಂಡಿಯಸ್. ‘ಶೆಲ್ಲಿ ಮರುಭೂಮಿಯಲ್ಲಿ ವಿಗ್ರಹ ನೋಡಿದ’ ಎಂದು ಬರೆದವರು ಈ ಮೂರೂ ದನಿಗಳನ್ನು ಒಂದಾಗಿಸಿಬಿಡುತ್ತಾರೆ.

ಎರಡನೆಯದು ಥೀಮ್. ‘ಅಧಿಕಾರ’ ಎಂಬುದು ವಿಷಯವಷ್ಟೇ. ಅಧಿಕಾರದ ಬಗ್ಗೆ ಕವಿತೆ ಏನು ಹೇಳುತ್ತದೆ ಎಂಬುದು ಥೀಮ್. ಹಾಗಾಗಿ ಅದನ್ನು ಪೂರ್ಣ ವಾಕ್ಯದಲ್ಲೇ ಬರೆಯಬೇಕು.

ಥೀಸಿಸ್ ಎಂದರೆ ಬರೆಯುವವರ ವಾದ. ಪ್ರಬಂಧದ ಗಟ್ಟಿತನ ನಿಂತಿರುವುದು ಇದರ ಮೇಲೆಯೇ. ‘ಕವಿತೆಯಲ್ಲಿ ಐರನಿ ಇದೆ’ ಎಂಬ ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲವಾದ್ದರಿಂದ ಅದು ವಾದವಾಗದು. ‘ರಾಜನ ಆಳ್ವಿಕೆ ಅಳಿದರೂ ಶಿಲ್ಪಿಯ ಕಲೆ ಉಳಿಯಿತೆಂದು ಕವಿತೆ ತೋರಿಸುತ್ತದೆ’ ಎಂದರೆ ಅದು ವಾದ. ವಿಗ್ರಹವೂ ಒಡೆದು ಬಿದ್ದಿದೆಯಲ್ಲ ಎಂದು ಓದುಗರು ಆಕ್ಷೇಪಿಸಬಹುದು. ಈ ಆಕ್ಷೇಪವೇ ಕೌಂಟರ್ ಆರ್ಗ್ಯುಮೆಂಟ್. ಅದನ್ನು ಮುಚ್ಚಿಡದೆ, ಒಡೆದ ಮುಖದಲ್ಲೂ ರಾಜನ ದರ್ಪದ ಗೆರೆಗಳು ಉಳಿದಿವೆಯೆಂದು ಪ್ರಯಾಣಿಕನೇ ಹೇಳುವುದನ್ನು ಮುಂದಿಟ್ಟು ಉತ್ತರಿಸಬೇಕು.

ಬಳಿಕ ಪ್ರತಿ ಪ್ಯಾರಾದ ಮೊದಲಿಗೆ ಅದರ ಮುಖ್ಯ ಅಂಶವನ್ನು ಹೇಳುವ ಟಾಪಿಕ್ ಸೆಂಟೆನ್ಸ್ ಬರೆದು, ಅದಕ್ಕೆ ಪಠ್ಯದಿಂದ ಪುರಾವೆ ಒದಗಿಸಿ, ವಿಶ್ಲೇಷಣೆಯನ್ನು ಉದ್ಧರಣೆಗಿಂತ ಉದ್ದವಾಗಿ ಬೆಳೆಸಬೇಕು. ತನ್ನ ಸಾಧನೆಗಳನ್ನು ಕಂಡು ಹತಾಶರಾಗಿರೆಂದು ರಾಜ ಬಲಶಾಲಿಗಳಿಗೆ ಹೇಳಿದ ಬೆನ್ನಿಗೇ, ಅಲ್ಲಿ ಬೇರೇನೂ ಉಳಿದಿಲ್ಲವೆಂಬ ಮಾತು ಬರುತ್ತದೆ. ಎದುರಾಳಿಗಳನ್ನು ಹೆದರಿಸಲು ಆಡಿದ ಮಾತು ಅವರಿಗೂ ಇದೇ ಗತಿಯೆಂಬ ಎಚ್ಚರಿಕೆಯಾಗುತ್ತದೆ. ಐರನಿ ಎಂಬ ಪದವನ್ನು ಬಳಸುವುದು ಇಷ್ಟನ್ನು ವಿವರಿಸಿದ ಮೇಲೆ. ಕೊನೆಯ ಸಾಲುಗಳ ‘ಬೌಂಡ್‌ಲೆಸ್ ಆ್ಯಂಡ್ ಬೇರ್’, ‘ಲೋನ್ ಆ್ಯಂಡ್ ಲೆವೆಲ್’ ಎಂಬಲ್ಲಿನ ಅಲಿಟರೇಶನ್ (ಪದಗಳ ಮೊದಲಲ್ಲಿ ಅದೇ ವ್ಯಂಜನ ಮರುಕಳಿಸುವುದು), ಕನ್ನಡ ತರಗತಿಯಲ್ಲಿ ಅನುಪ್ರಾಸ ಕಲಿತವರಿಗೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅದನ್ನು ಹೆಸರಿಸಿ ನಿಲ್ಲಿಸಿದರೆ ಸಾಲದು. ಮರುಕಳಿಸುವ ದನಿ ಮರಳಿನ ಏಕತಾನತೆಯನ್ನು ಕಿವಿಗೆ ಮುಟ್ಟಿಸುತ್ತದೆಯೇ ಎಂಬುದನ್ನೂ ಹೇಳಬೇಕು.

ಪೀಠಿಕೆಯನ್ನು ಕೊನೆಗೆ ಬರೆದು, ಥೀಸಿಸ್ ವಾಕ್ಯವನ್ನು ಅದರ ಅಂತ್ಯದಲ್ಲಿಡುವುದು ಒಳ್ಳೆಯದು. ಕವಿತೆಯೊಳಗಿನ ಸಂಗತಿಗಳನ್ನು ವರ್ತಮಾನ ಕಾಲದಲ್ಲಿ ಬರೆಯುವುದು ರೂಢಿ. ಎರಡು ಸಾಲುಗಳನ್ನು ಒಟ್ಟಿಗೆ ಉದ್ಧರಿಸುವಾಗ ಸಾಲು ಮುರಿಯುವಲ್ಲಿ ಓರೆಗೆರೆ ಹಾಕಿ, ಸಾಲುಸಂಖ್ಯೆಯನ್ನು ಆವರಣದಲ್ಲಿ ನಮೂದಿಸಬೇಕು.