ಬ್ರಿಟನ್ ಚುನಾವಣೆ: ಬಾಗಿಲಿಗೆ ಬೀಳುವ ಕರಪತ್ರದ ಖರ್ಚು ಯಾರ ಲೆಕ್ಕಕ್ಕೆ?

ಬ್ರಿಟನ್‌ಗೆ ಬಂದ ಹೊಸತರಲ್ಲಿ ಮತದಾರರ ಪಟ್ಟಿಯ ಪತ್ರ ಬಂದಾಗ ನಾನು ಅದನ್ನು ಸೀದಾ ಕಸದ ಬುಟ್ಟಿಗೆ ಹಾಕಿದ್ದೆ. ನಮ್ಮದು ಇಂಡಿಯಾ ಪಾಸ್‌ಪೋರ್ಟು, ನಮಗ್ಯಾಕೆ ಇದು ಅಂತ. ತಪ್ಪು ನನ್ನದೇ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವೀಸಾ ಪಡೆದು ವಾಸ ಇರುವ, 18 ತುಂಬಿದ ಭಾರತೀಯರು ಪಟ್ಟಿಗೆ ಹೆಸರು ಸೇರಿಸಿ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ಓದಲು ಬಂದ ಹುಡುಗರೂ ಅಷ್ಟೇ. ಓಟು ಇದ್ದ ಮೇಲೆ ಇಲ್ಲಿ ದುಡ್ಡಿನ ಲೆಕ್ಕ ಹೇಗೆ ನಡೆಯುತ್ತದೆ ಅನ್ನೋದೂ ಗೊತ್ತಿರಲಿ.

ಊರಿನ ಚುನಾವಣೆ ನೋಡಿ ಬಂದವರಿಗೆ ಇಲ್ಲಿನದು ಸಪ್ಪೆ. ಮೈಕಿಲ್ಲ, ಬಾಡೂಟವಿಲ್ಲ. ಟಿವಿ, ರೇಡಿಯೊದಲ್ಲಿ ದುಡ್ಡು ಕೊಟ್ಟು ರಾಜಕೀಯ ಜಾಹೀರಾತು ಹಾಕುವ ಹಾಗೇ ಇಲ್ಲ. ಬದಲಿಗೆ ದೊಡ್ಡ ಪಕ್ಷಗಳಿಗೆ ಪುಕ್ಕಟೆ ಸಮಯ ಸಿಗುತ್ತದೆ. ಪಾರ್ಲಿಮೆಂಟ್ ಅಭ್ಯರ್ಥಿಗೆ ಒಂದು ಸಲ ಮತದಾರರಿಗೆಲ್ಲ ಅಂಚೆ ಖರ್ಚಿಲ್ಲದೆ ಪತ್ರ ಕಳಿಸಲು ಅವಕಾಶವಿದೆ.

ಅಭ್ಯರ್ಥಿಯ ಖರ್ಚಿಗೆ ಮಿತಿ ಬಂದಿದ್ದು 1883ರಲ್ಲಿ. ಈಗಿನ ಲೆಕ್ಕ ಹೀಗೆ: ಮೂಲ ಮೊತ್ತ 11,390 ಪೌಂಡ್. ಅದರ ಮೇಲೆ ನಗರ ಕ್ಷೇತ್ರವಾದರೆ ಒಬ್ಬ ಮತದಾರನಿಗೆ 8 ಪೆನ್ಸ್ (ನೂರು ಪೆನ್ಸ್‌ಗೆ ಒಂದು ಪೌಂಡ್), ಹಳ್ಳಿ ಸೇರಿದ ಕ್ಷೇತ್ರವಾದರೆ 12 ಪೆನ್ಸ್. 70,000 ಮತದಾರರಿರುವ ನಗರ ಕ್ಷೇತ್ರದಲ್ಲಿ 16,990 ಪೌಂಡ್ ಆಯಿತು. ನಮ್ಮಲ್ಲಿ 2023ರ ವಿಧಾನಸಭೆಗೆ ಒಬ್ಬ ಅಭ್ಯರ್ಥಿಗೆ ಇದ್ದ ಮಿತಿ 40 ಲಕ್ಷ ರೂಪಾಯಿ. ಪೌಂಡು ರೂಪಾಯಿ ಮಾಡಿ ನೋಡಿ, ಇಲ್ಲಿನ ಎಂಪಿ ಅಭ್ಯರ್ಥಿಗೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಭಾರತದಲ್ಲಿ ಮಿತಿ ಅಭ್ಯರ್ಥಿಗೆ ಮಾತ್ರ, ಪಕ್ಷಕ್ಕಿಲ್ಲ. ಬ್ರಿಟನ್‌ನಲ್ಲಿ 2000ದ ಕಾನೂನು ಪಕ್ಷಕ್ಕೂ ಮಿತಿ ಹಾಕಿತು: ಸ್ಪರ್ಧಿಸುವ ಒಂದೊಂದು ಕ್ಷೇತ್ರಕ್ಕೆ 30,000 ಪೌಂಡ್. ಇಪ್ಪತ್ತು ವರ್ಷ ದಾಟಿದರೂ ಆ ಅಂಕಿ ಅಲ್ಲಾಡಲಿಲ್ಲ. 2023ರ ನವೆಂಬರ್‌ನಲ್ಲಿ ಅಂದಿನ ಕನ್ಸರ್ವೇಟಿವ್ ಸರ್ಕಾರ ಬೆಲೆ ಏರಿಕೆಯ ಕಾರಣ ಕೊಟ್ಟು ಅದನ್ನು 54,010 ಪೌಂಡ್‌ಗೆ ಏರಿಸಿತು. ಬ್ರಿಟನ್ ದ್ವೀಪದ 632 ಕ್ಷೇತ್ರಗಳಲ್ಲೂ ನಿಂತರೆ ಪಕ್ಷದ ಮಿತಿ 3 ಕೋಟಿ 41 ಲಕ್ಷ ಪೌಂಡ್.

ಅಭ್ಯರ್ಥಿಗೂ ಏರಿಸಿದರು, ಹಿಂದೆ ಮೂಲ ಮೊತ್ತ 8,700 ಇತ್ತು. ಅದು ನ್ಯಾಯವೇ. ಮುದ್ರಣದ ದರ ಅಲ್ಲೇ ನಿಂತಿಲ್ಲವಲ್ಲ. ಪಕ್ಷದ ಏರಿಕೆ ಮಾತ್ರ ನನಗೆ ಅಷ್ಟು ಸರಿ ಕಾಣುವುದಿಲ್ಲ. 2019ರಲ್ಲಿ ಹಳೆಯ ಮಿತಿಯನ್ನು ಯಾವ ಪಕ್ಷವೂ ಮುಟ್ಟಿರಲಿಲ್ಲ. ಮಿತಿ ಏರಿದ ಮೇಲೆ, 2024ರಲ್ಲಿ, ಲೇಬರ್ ಪಕ್ಷ ಸುಮಾರು 3 ಕೋಟಿ ಪೌಂಡ್ ಖರ್ಚು ಮಾಡಿತು. ಗೆರೆ ಎತ್ತರಿಸಿದರೆ ಅಲ್ಲಿವರೆಗೆ ಹಾರುವ ಶಕ್ತಿ ದುಡ್ಡಿದ್ದವರಿಗೇ ಇರೋದು, ಅಲ್ವಾ?

ಇನ್ನೊಂದು ವಿಷಯ. ಪಕ್ಷದ ಮಿತಿಯನ್ನು ಕ್ಷೇತ್ರದ ಲೆಕ್ಕದಲ್ಲಿ ಕೂಡಿಸಿದರೂ ಖರ್ಚನ್ನು ಹಾಗೇ ಹಂಚಬೇಕಿಲ್ಲ. ಗೆಲುವು ಸೋಲು ತೂಗುಯ್ಯಾಲೆಯಲ್ಲಿರುವ ಕ್ಷೇತ್ರಗಳಿಗೆ ಜಾಸ್ತಿ ಸುರಿಯಬಹುದು. ನೀವು ಅಂಥ ಕಡೆ ಮನೆ ಮಾಡಿದ್ದರೆ ಪಕ್ಷದ ನಾಯಕರ ಹೆಸರಿನಲ್ಲಿ ಪತ್ರದ ಮೇಲೆ ಪತ್ರ ಬರುತ್ತದೆ. ಅಭ್ಯರ್ಥಿಯ ಹೆಸರು ಹುಡುಕಿದರೂ ಸಿಗುವುದಿಲ್ಲ. ಆ ಹೆಸರು ಬಂದರೆ ಖರ್ಚು ಅವರ ಸಣ್ಣ ಲೆಕ್ಕಕ್ಕೆ ಬೀಳಬಹುದು, ಅದಕ್ಕೇ. 2015ರಲ್ಲಿ ಸೌತ್ ಥಾನೆಟ್ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಪಕ್ಷದ ಪ್ರಚಾರಕ್ಕೆ ಬಂದವರ ಹೋಟೆಲ್ ಬಿಲ್ಲು ಯಾವ ಲೆಕ್ಕಕ್ಕೆ ಅನ್ನುವ ಜಗಳ ಕೋರ್ಟಿನವರೆಗೆ ಹೋಯಿತು. 2015ರ ಆಸುಪಾಸಿನ ಪ್ರಚಾರದ ಲೆಕ್ಕ ಸರಿ ಒಪ್ಪಿಸದ್ದಕ್ಕೆ 2017ರಲ್ಲಿ ಚುನಾವಣಾ ಆಯೋಗ ಕನ್ಸರ್ವೇಟಿವ್ ಪಕ್ಷಕ್ಕೆ 70,000 ಪೌಂಡ್ ದಂಡ ಹಾಕಿತು. ಕರಪತ್ರ ಬಂದರೆ ಕೊನೆಯ ಸಣ್ಣ ಅಕ್ಷರ ಓದಿ. ಯಾರು ಮುದ್ರಿಸಿದ್ದು, ಯಾರ ಪರವಾಗಿ ಅನ್ನುವುದು ಅಲ್ಲಿರಲೇಬೇಕು. 2023ರ ನವೆಂಬರ್‌ನಿಂದ ಆನ್‌ಲೈನ್ ಪ್ರಚಾರಕ್ಕೂ ಇಂಥದೇ ನಿಯಮವಿದೆ.

ಈಗ ನಮ್ಮ ಜೇಬಿನ ವಿಷಯ. ಕನ್ನಡಿಗರೂ ಇಲ್ಲಿ ಚುನಾವಣೆಗೆ ನಿಲ್ಲುತ್ತಾರೆ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಮೇಯರ್ ಆಗಿದ್ದವರು. ನಿಮ್ಮ ಪರಿಚಯದವರು ನಿಂತರೆ ಸಹಾಯ ಮಾಡಬೇಕು ಅನ್ನಿಸುವುದು ಸಹಜ. ಬಿಡುವಿನ ವೇಳೆ ಮನೆ ಮನೆ ಸುತ್ತಿ, ಅದು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಭ್ಯರ್ಥಿಗೆ 50 ಪೌಂಡ್‌ಗಿಂತ, ಪಕ್ಷಕ್ಕೆ 500 ಪೌಂಡ್‌ಗಿಂತ ಹೆಚ್ಚು ಕೊಡುವ ವ್ಯಕ್ತಿಯ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿರಬೇಕು. ಹುಬ್ಬಳ್ಳಿಯಲ್ಲಿರುವ ಅಪ್ಪಾಜಿ ಪ್ರೀತಿಯಿಂದ ಕಳಿಸಿದ ಹಣವನ್ನು ನಿಮ್ಮ ಹೆಸರಿನಲ್ಲಿ ದಾಟಿಸಬೇಡಿ, ಅದು ಅಪರಾಧ. ತಮಾಷೆ ಏನಂದರೆ, ಇಲ್ಲಿ ನೋಂದಾಯಿಸಿ ವ್ಯವಹಾರ ಮಾಡುವ ಕಂಪನಿಗಳು ದೇಣಿಗೆ ಕೊಡಬಹುದು, ಮಾಲೀಕರು ಹೊರದೇಶದವರಾದರೂ. ಅಪ್ಪಾಜಿಗೆ ಬಾಗಿಲು ಮುಚ್ಚಿದೆ, ಅವರಿಗೆ ತೆರೆದಿದೆ.

ಫೋಟೊಕಾಪಿ ಅಂಗಡಿಯವರು ಸ್ನೇಹಕ್ಕೆ ಕರಪತ್ರ ಪುಕ್ಕಟೆ ಮಾಡಿಕೊಟ್ಟರೂ, ಅದರ ಬೆಲೆ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ಇಂಗ್ಲೆಂಡಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಚುನಾವಣೆಯಲ್ಲಿ ಇದು ಬಹಳ ಬೇಗ ಕುತ್ತಿಗೆಗೆ ಬರುತ್ತದೆ. ಅಲ್ಲಿ ಮಿತಿ 960 ಪೌಂಡ್, ಮೇಲೆ ಮತದಾರನಿಗೆ 8 ಪೆನ್ಸ್. 8,000 ಮತದಾರರ ವಾರ್ಡಿಗೆ ಒಟ್ಟು 1,600.

ಪಾರ್ಲಿಮೆಂಟ್ ಚುನಾವಣೆಯ ಫಲಿತಾಂಶ ಬಂದ 35 ದಿನದೊಳಗೆ ಅಭ್ಯರ್ಥಿಯ ಚುನಾವಣಾ ಏಜೆಂಟರು ಖರ್ಚಿನ ಲೆಕ್ಕ ಕೊಡಬೇಕು. ಅದನ್ನು ಕೌನ್ಸಿಲ್ ಕಚೇರಿಗೆ ಹೋಗಿ ಯಾರು ಬೇಕಾದರೂ ನೋಡಬಹುದು. ನಾನು ಸುಮ್ನೆ ಕುತೂಹಲಕ್ಕೆ ಒಮ್ಮೆ ಹೋಗಿ ಕೇಳಿದೆ. ಒಂದು ತೆಳು ಫೈಲು ತಂದಿಟ್ಟರು. ನಮ್ಮ ಬಾಗಿಲಿಗೆ ಬಿದ್ದಿದ್ದ ಕರಪತ್ರದ ಬಿಲ್ಲು ಅದರಲ್ಲಿ ಎರಡನೇ ಹಾಳೆಯಲ್ಲೇ ಇತ್ತು.